ಅಪ್ಪನ ಹಠದ ಜೊತೆ ವಾದಕ್ಕಿಳೀದೇ ಇದ್ದ ಹಿಯರಿಂಗ್ ಕ್ಲಿನಿಕ್

ಅಪ್ಪಂಗೆ 72. ಕಿವಿಗೆ ಮಷೀನ್ ಹಾಕ್ಕೊಳ್ಳಿ ಅಂತ ಎರಡು ವರ್ಷ ಬಡ್ಕೊಂಡೆ, ಜಗ್ಗಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಪೈಕಿ ಅವ್ರು. "ನಂಗೆಲ್ಲಾ ಕೇಳ್ಸತ್ತೆ, ನೀವೇ ಬಾಯೊಳಗೆ ಗೊಣಗ್ತೀರಿ" ಅನ್ನೋದು ಒಂದೇ ಮಾತು. ಕೊನೆಗೆ ಬರೀ ಟೆಸ್ಟ್ ಮಾಡ್ಸೋಣ, ಏನೂ ತಗೊಳ್ಳೋದು ಬೇಡ ಅಂತ ಒಪ್ಪಿಸಿ ಈ ಕ್ಲಿನಿಕ್‌ಗೆ ಕರ್ಕೊಂಡು ಹೋದೆ.

ಅಪಾಯಿಂಟ್‌ಮೆಂಟ್ ಇದ್ರೂ ಮುಕ್ಕಾಲು ಗಂಟೆ ಕಾಯಿಸಿದ್ರು, ಅದು ಸರಿ ಅಲ್ಲ, ಅಪ್ಪ ಎರಡು ಸಲ ಎದ್ದು ಹೊರಟೇ ಬಿಟ್ಟಿದ್ರು.

ಆದ್ರೆ ಒಳಗಿದ್ದ ಆಡಿಯಾಲಜಿಸ್ಟ್ (ಕಿವಿ ಎಷ್ಟು ಕೇಳ್ಸತ್ತೆ ಅಂತ ಪರೀಕ್ಷೆ ಮಾಡೋರು) ಮೇಡಂ ಟೆಸ್ಟ್ ಮುಗಿಸಿ ಗ್ರಾಫ್ ತೋರ್ಸಿ ಮೊದ್ಲು ಹೇಳಿದ್ದೇ "ನೀವು ಹೇಳ್ತಿರೋದು ನಿಜ ಸರ್" ಅಂತ. ವಯಸ್ಸಾದಾಗ ಸಾಮಾನ್ಯವಾಗಿ ಮೊದ್ಲು ಹೋಗೋದು ಹೈ ಫ್ರೀಕ್ವೆನ್ಸಿ ಸದ್ದು, ಅಂದ್ರೆ ಸ, ಶ, ಫ ಥರದ್ದು, ಅ ಆ ಓ ಎಲ್ಲಾ ಚೆನ್ನಾಗೇ ಕೇಳ್ಸತ್ತೆ, ಅದಕ್ಕೇ ದನಿ ಬರತ್ತೆ ಮಾತು ಮಾತ್ರ ಗೊಣಗಿದ ಹಾಗಿರತ್ತೆ. ಎರಡು ವರ್ಷ ನಾನು ಯಾವ್ದನ್ನ ಮೊಂಡುತನ ಅಂದ್ಕೊಂಡಿದ್ನೋ ಅದು ಅವರ ಕಿವಿಗೆ ನಿಜವಾಗ್ಲೂ ಹಾಗೇ ಕೇಳ್ತಿತ್ತು. ನಂಗೆ ಗಂಟಲು ಕಟ್ಟಿ ಬಂತು.

ಆಮೇಲೆ ಮೇಡಂ ಕೇಳಿದ್ರು, ಮಷೀನ್ ಬೇಕು ಅಂತ ನಿಮ್ಗೆ ಸೊನ್ನೆಯಿಂದ 10ರೊಳಗೆ ಎಷ್ಟು ಅನ್ಸತ್ತೆ? ಅಪ್ಪ 3 ಅಂದ್ರು. ನಾನಾಗಿದ್ರೆ ಮೂರೇನಾ ಅಂತ ಜಗಳಕ್ಕೇ ನಿಲ್ತಿದ್ದೆ. ಅವ್ರು "ಸೊನ್ನೆ ಅನ್ನಲಿಲ್ವಲ್ಲ ಸರ್, 3 ಯಾಕೆ?" ಅಂದ್ರು. ಅಪ್ಪ ಸುಮಾರು ಹೊತ್ತು ಸುಮ್ನಿದ್ದು "ಮೊಮ್ಮಗಳು ಫೋನಲ್ಲಿ ಏನೇನೋ ಹೇಳ್ತಾಳೆ, ನಾನು ಬರೀ ಹೂಂ ಹೂಂ ಅಂತೀನಿ" ಅಂದ್ರು. ನಮ್ಮತ್ರ ಒಂದಿನಾನೂ ಹೇಳಿರ್ಲಿಲ್ಲ ಇದನ್ನ.

ಮನೆಗೆ ಬಂದು ಓದಿದೆ, ಹೀಗೆ ಒತ್ತಾಯ ಮಾಡದೆ ಪ್ರಶ್ನೆ ಕೇಳಿ ಅವರ ಕಾರಣ ಅವರ ಬಾಯಿಂದಲೇ ಬರೋ ಹಾಗೆ ಮಾಡೋದಕ್ಕೆ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಅಂತಾರೆ, ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಚಟ ಇರೋರ ಚಿಕಿತ್ಸೆಗೆ ಅಂತ ಬರೆದಿದ್ದು. ಒತ್ತಾಯ ಮಾಡಿದ್ರೆ ನನ್ನ ಇಷ್ಟ ಕಿತ್ಕೊಳ್ತಿದಾರೆ ಅನ್ಸಿ ಮನುಷ್ಯ ಇನ್ನೂ ಗಟ್ಟಿ ಪಟ್ಟು ಹಿಡೀತಾನೆ, ಜಾಕ್ ಬ್ರೆಮ್ ಅನ್ನೋ ಇನ್ನೊಬ್ಬ ಮನಃಶಾಸ್ತ್ರಜ್ಞ ಇದನ್ನ 1966ರಲ್ಲೇ ರಿಯಾಕ್ಟೆನ್ಸ್ ಅಂತ ವಿವರಿಸಿದ್ರು. ನಾನು ಮಾಡ್ತಿದ್ದಿದ್ದು ಬರೀ ಒತ್ತಾಯ.

ಮಷೀನ್ ಟ್ರಯಲ್‌ಗೆ ಕೊಟ್ಟು ಕಳಿಸಿದ್ರು. ಮೊದಲ ವಾರ ಅಪ್ಪ ಪಾತ್ರೆ ಸದ್ದು ತಲೆಗೆ ಹೊಡೆಯತ್ತೆ ಅಂತ ಬೈದು ಡ್ರಾಯರ್‌ಗೆ ಹಾಕಿದ್ರು. ಮೇಡಂ, ಮೆದುಳು ಹೊಂದ್ಕೊಳ್ಳೋಕೆ ಕೆಲವು ವಾರ ಬೇಕು, ದಿನಾ ಸ್ವಲ್ಪ ಹೊತ್ತು ಸಾಕು ಅಂತ ಹೇಳಿ ಎರಡು ಸಲ ಟ್ಯೂನ್ ಮಾಡ್ಕೊಟ್ರು, ಬೇಜಾರು ಮಾಡ್ಕೊಳ್ಲಿಲ್ಲ. ಈಗ ಅಪ್ಪ ಸಂಜೆ ಮೊಮ್ಮಗಳ ಫೋನ್ ಬರೋ ಹೊತ್ತಿಗೆ ತಾವೇ ಹಾಕ್ಕೊಂಡು ಕೂತಿರ್ತಾರೆ. ವಾಕಿಂಗ್‌ಗೆ ಮಾತ್ರ ಹಾಕಲ್ಲ ಅಂದ್ರೆ ಹಾಕಲ್ಲ, ನಾನೂ ಕೇಳೋಕೆ ಹೋಗಿಲ್ಲ.

ಕಾಯಿಸಿದ್ದಕ್ಕೆ ಒಂದು ಸ್ಟಾರ್ ಕಮ್ಮಿ, 4 ಕೊಡ್ತೀನಿ. ಮನೆಯವರನ್ನ ಕರ್ಕೊಂಡು ಹೋಗೋರು ಮೇಡಂ ಮಾತಾಡುವಾಗ ದಯವಿಟ್ಟು ಮಧ್ಯ ಬಾಯಿ ಹಾಕ್ಬೇಡಿ.