ಹಾಡಿಗೆ ಬಂದ ದುಡ್ಡಿನ ಲೆಕ್ಕ: ಜಮಾಬಂದಿಯಲ್ಲಿ ಕೇಳೋದಾ, ಆರ್‌ಟಿಐ ಹಾಕೋದಾ?

ನಾಗರಹೊಳೆ ಅಂಚಿನ ಜೇನುಕುರುಬರ ಹಾಡಿಯೊಂದಕ್ಕೆ, ಅಂದರೆ ಆದಿವಾಸಿಗಳ ಪುಟ್ಟ ಊರಿಗೆ, ಚರಂಡಿ ಬಂತು ಅಂದುಕೊಳ್ಳಿ. ಕಾಗದದಲ್ಲಿ 80 ಮೀಟರ್. ಕಣ್ಣಿಗೆ ಅಷ್ಟು ಕಾಣ್ತಿಲ್ಲ. ಲೆಕ್ಕ ಎಲ್ಲಿ ಕೇಳೋದು?

ಪಂಚಾಯಿತಿ ಕೆಲಸ ಆದರೆ ಮೊದಲು ಜಮಾಬಂದಿಗೆ ಹೋಗಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿ ತನ್ನ ಲೆಕ್ಕವನ್ನು ಜನರ ಮುಂದೆ ಇಡಬೇಕು, ಅದೇ ಜಮಾಬಂದಿ. ಇಲ್ಲಿ ಅರ್ಜಿ ಬರೆಯಬೇಕಿಲ್ಲ, ಓದು ಬರಬೇಕಂತಲೂ ಇಲ್ಲ. ಕಾಮಗಾರಿ ನಡೆದ ಜಾಗಕ್ಕೇ ಹೋಗಿ ನೋಡೋಣ ಅಂತ ಪಟ್ಟು ಹಿಡಿಯಿರಿ. ಟೇಪಿನ ಒಂದು ತುದಿ ಹಾಡಿಯ ಅಜ್ಜಿಯ ಕೈಯಲ್ಲಿರಲಿ, ಇನ್ನೊಂದು ಇಂಜಿನಿಯರ್ ಕೈಯಲ್ಲಿ. ಅಳತೆ ಪುಸ್ತಕದ ಅಂಕಿಯನ್ನು ಅಲ್ಲೇ ಜೋರಾಗಿ ಓದಿಸಿ. ಊರೆಲ್ಲ ನೋಡುವಾಗ ಹಾರಿಕೆ ಉತ್ತರ ಕೊಡೋದು ಕಷ್ಟ, ಅಲ್ವಾ? ನನಗೆ ಈ ದಾರಿಯ ಮೇಲೇ ನಂಬಿಕೆ ಜಾಸ್ತಿ. ಆದರೆ ದಿನಾಂಕವನ್ನು ಹಾಡಿಗೆ ತಿಳಿಸದೆ ಸುಮ್ನೆ ಸಹಿ ಹಾಕಿಸಿಕೊಂಡರೆ ಎಲ್ಲ ವ್ಯರ್ಥ. ಜುಲೈನಲ್ಲೇ ಹೋಗಿ ವಿಚಾರಿಸಿ.

ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ ಕಟ್ಟಿಸಿದ ಮನೆಗಳ ಲೆಕ್ಕ ಪಂಚಾಯಿತಿ ಪುಸ್ತಕದಲ್ಲಿ ಸಿಗಲ್ಲ. ಅದಕ್ಕೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ. ತೊಂದರೆ ಅಂದರೆ ಅರ್ಜಿಯಲ್ಲಿ ಒಬ್ಬರ ಹೆಸರು ಇರುತ್ತೆ, ಒತ್ತಡವೂ ಅವರ ಮೇಲೇ ಬೀಳುತ್ತೆ. ಕೂಲಿ ಬಿಟ್ಟು ತಾಲ್ಲೂಕಿಗೆ ಓಡಾಡೋದೂ ಅವರೇ. ಹಾಗಾಗಿ ಒಂಟಿಯಾಗಿ ಹಾಕಬೇಡಿ. ಒಂದೇ ವಿಷಯಕ್ಕೆ ನಾಲ್ಕೈದು ಮನೆಯವರು ಬೇರೆ ಬೇರೆ ಅರ್ಜಿ ಹಾಕಿ.