ಗೇಮ್ ಆಫ್ ಥ್ರೋನ್ಸ್: ದಾರಿ ಇದ್ದಷ್ಟು ಕಾಲ ಚೆನ್ನಾಗಿತ್ತು

2011ರಲ್ಲಿ ಆರಂಭವಾಗಿ 2019ರ ಮೇ ತಿಂಗಳಲ್ಲಿ ಮುಗಿದ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯನ್ನು ನಾನು ಒಮ್ಮೆ ನೋಡಿ ಬಿಟ್ಟವನಲ್ಲ. ವರ್ಷದಲ್ಲಿ ಕೆಲಸದ ಒತ್ತಡ ತುಸು ಕಡಿಮೆಯಿರುವ ಒಂದು ತಿಂಗಳಿಗೆ ಮಾತ್ರ ಸ್ಟ್ರೀಮಿಂಗ್ ಚಂದಾ ಕಟ್ಟಿ, ರಾತ್ರಿಗೆ ಎರಡು ಕಂತಿನಂತೆ ಮೊದಲಿನಿಂದ ನೋಡುತ್ತ ಹೋಗುವುದು ನನ್ನ ರೂಢಿ. ಹಾಗೆ ಬಳಸಿ ಬಳಸಿ ಮೂಡಿದ ಅಭಿಪ್ರಾಯವಿದು. ಆದ್ದರಿಂದ ರಾಜವಂಶಗಳ ಪಟ್ಟಿ, ಪಾತ್ರಪರಿಚಯ, ಕಥಾಸಾರಾಂಶ ಇಲ್ಲಿ ಸಿಗುವುದಿಲ್ಲ. ಕೊನೆಯವರೆಗೂ ನೋಡದವರು ಮುಂದೆ ಓದದಿರುವುದು ಒಳ್ಳೆಯದು, ಏಕೆಂದರೆ ನನ್ನ ದೂರೆಲ್ಲ ಇರುವುದು ಕೊನೆಯ ಭಾಗದ ಮೇಲೆಯೇ.

ಮೊದಲು ಸುಖದ ಮಾತು. ‘ಸ್ಕಿಪ್ ಇಂಟ್ರೋ’ ಎಂಬ ಗುಂಡಿಯನ್ನು ನಾನು ಉಳಿದೆಲ್ಲ ಧಾರಾವಾಹಿಗಳಿಗೂ ಒತ್ತುತ್ತೇನೆ, ಇದೊಂದಕ್ಕೆ ಮಾತ್ರ ಎಂದೂ ಒತ್ತಿಲ್ಲ. ರಮಿನ್ ಜವಾದಿಯವರ ಸಂಗೀತದಲ್ಲಿ ಚೆಲ್ಲೋ ಮೊಳಗುತ್ತಿದ್ದಂತೆ ಕೋಣೆಯ ದೀಪ ಆರಿಸಿ ಕೂರಬೇಕು. ನಕ್ಷೆಯ ಮೇಲೆ ಹಲ್ಲುಚಕ್ರಗಳು ತಿರುಗಿ ಕೋಟೆಗಳು ಒಂದೊಂದಾಗಿ ಮೇಲೇಳುವುದನ್ನು ನೋಡುತ್ತ, ಈ ಕಂತಿನಲ್ಲಿ ಯಾವ ಯಾವ ಊರಿಗೆ ಹೋಗಲಿದ್ದೇವೆಂದು ಊಹಿಸಬೇಕು. ನಕ್ಷೆ ಎಲ್ಲ ಕಂತಿಗೂ ಒಂದೇ ಆಗಿರಲಿಲ್ಲ, ಕಥೆ ಹೊಸದೊಂದು ಊರಿಗೆ ಕಾಲಿಟ್ಟರೆ ಆ ಊರೂ ಅಲ್ಲಿ ಎದ್ದು ನಿಲ್ಲುತ್ತಿತ್ತು. ಎರಡನೆಯ ಸೀಸನ್ನಿನ ಕೊನೆಯಲ್ಲಿ ವಿಂಟರ್‌ಫೆಲ್ ಸುಟ್ಟುಹೋದ ಮೇಲೆ, ಮೂರನೆಯ ಸೀಸನ್ನಿನ ನಕ್ಷೆಯಲ್ಲಿ ಆ ಕೋಟೆಯಿಂದ ಹೊಗೆ ಏಳುತ್ತಿರುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಇಂಥ ವಿವರಕ್ಕೂ ಶ್ರಮಪಟ್ಟವರ ಕೈಯಲ್ಲಿ ಕಥೆ ಸುಭದ್ರವಾಗಿದೆಯೆಂದು ಆಗ ಅನ್ನಿಸುತ್ತಿತ್ತು.

ಆ ನಕ್ಷೆ ಬರಿಯ ಅಲಂಕಾರವಾಗಿರಲಿಲ್ಲ. ಒಂದೂರಿಗೂ ಇನ್ನೊಂದೂರಿಗೂ ಇರುವ ದೂರವೇ ಈ ಕಥೆಯ ಜೀವಾಳವಾಗಿತ್ತು. ಮೊದಲ ಕಂತಿನಲ್ಲಿ ದೊರೆ ರಾಬರ್ಟ್ ವಿಂಟರ್‌ಫೆಲ್‌ಗೆ ಬಂದಿಳಿದವನೇ ನೆಲಮಾಳಿಗೆಯ ಸಮಾಧಿಗಳತ್ತ ಹೊರಡುತ್ತಾನೆ. ಒಂದು ತಿಂಗಳು ಪ್ರಯಾಣ ಮಾಡಿ ದಣಿದು ಬಂದಿರುವಾಗ ಸತ್ತವರನ್ನು ಆಮೇಲೆ ನೋಡಬಾರದೇ ಎಂಬ ಧಾಟಿಯಲ್ಲಿ ರಾಣಿ ಸೆರ್ಸಿ ಸಿಡುಕುತ್ತಾಳೆ. ಅಷ್ಟರಿಂದಲೇ ರಾಜಧಾನಿ ಎಷ್ಟು ದೂರವಿದೆ ಎಂಬುದು ನೋಡುವವನ ಮನಸ್ಸಿನಲ್ಲಿ ಕೂರುತ್ತದೆ, ಮುಂದೆ ನಡೆಯುವ ಅನರ್ಥಗಳಲ್ಲಿ ಮುಕ್ಕಾಲು ಪಾಲು ಆ ದೂರದಿಂದಲೇ ಹುಟ್ಟುತ್ತವೆ. ಮೂರನೆಯ ಸೀಸನ್ನಿನ ಒಂಬತ್ತನೆಯ ಕಂತಿನಲ್ಲಿ ವಿಂಟರ್‌ಫೆಲ್‌ನ ಹುಡುಗಿ ಆರ್ಯ ಎಷ್ಟೋ ದಿನ ಅಲೆದು ಕೊನೆಗೂ ತಾಯಿ ಮತ್ತು ಅಣ್ಣನಿರುವ ಕೋಟೆಯ ಬಾಗಿಲವರೆಗೆ ಬಂದಿರುತ್ತಾಳೆ. ಒಳಗೆ ಮದುವೆಯ ಮನೆಯಲ್ಲಿ ಕೊಲೆಗಳು ನಡೆಯುತ್ತಿರುತ್ತವೆ. ದಾರಿಯ ಉದ್ದಕ್ಕೆ ಬೆಲೆಯಿಲ್ಲದ ಕಥೆಯಲ್ಲಿ ಆ ದೃಶ್ಯ ಅಷ್ಟು ಇರಿಯುತ್ತಿರಲಿಲ್ಲ.

ದಾರಿ ಇದ್ದುದರಿಂದಲೇ ಮಾತೂ ಇತ್ತು. ಒಬ್ಬರನ್ನೊಬ್ಬರು ಸಹಿಸದ ಇಬ್ಬರನ್ನು ಒಂದೇ ಹಾದಿಯಲ್ಲಿ ನಡೆಸುವುದು ಈ ಧಾರಾವಾಹಿಗೆ ಕೈಗೂಡಿದ ವಿದ್ಯೆ: ಆರ್ಯ ಮತ್ತು ಹೌಂಡ್, ಜೇಮಿ ಮತ್ತು ಬ್ರಿಯೆನ್. ಹಾರೆನ್‌ಹಾಲ್‌ನ ಸ್ನಾನದ ಕೊಳದ ದೃಶ್ಯವನ್ನು ನಾನು ಪ್ರತಿಸಲವೂ ಎರಡೆರಡು ಬಾರಿ ನೋಡುತ್ತೇನೆ. ಕೈ ಕಡಿಸಿಕೊಂಡು ಜ್ವರದಲ್ಲಿ ಬೇಯುತ್ತಿರುವ ಜೇಮಿ, ತಾನು ಹುಚ್ಚು ದೊರೆಯನ್ನು ಕೊಂದದ್ದು ಇಡೀ ನಗರ ಸುಟ್ಟು ಬೂದಿಯಾಗದಿರಲೆಂದು ಎಂಬುದನ್ನು ಅಲ್ಲಿ ಮೊತ್ತಮೊದಲು ಬಾಯಿಬಿಟ್ಟು ಹೇಳುತ್ತಾನೆ. ಮೊದಲ ಕಂತಿನಲ್ಲಿ ಪುಟ್ಟ ಹುಡುಗನನ್ನು ಗೋಪುರದಿಂದ ತಳ್ಳಿದವನ ಮೇಲೆ ಕರುಣೆ ಬರುವಂತೆ ಮಾಡಲು ಈ ಕಥೆ ಮೂರು ಸೀಸನ್ ಕಾಯಿತು, ಮತ್ತು ಆ ಕಾಯುವಿಕೆ ನಮಗೆ ಭಾರವಾಗಲಿಲ್ಲ.

ಐದನೆಯ ಸೀಸನ್ನಿನ ಡಾರ್ನ್ ಭಾಗ ಸಪ್ಪೆಯಾಗಿದ್ದದ್ದು ನಿಜ. ಆದರೆ ಆರನೆಯ ಸೀಸನ್ನಿನ ಕೊನೆಯ ಎರಡು ಕಂತುಗಳು ಆ ಸಾಲವನ್ನು ಬಡ್ಡಿ ಸಮೇತ ತೀರಿಸಿದವು. ಕೊನೆಯ ಕಂತಿನ ಆರಂಭದಲ್ಲಿ, ಅಲ್ಲಿಯವರೆಗೆ ಈ ಧಾರಾವಾಹಿಯಲ್ಲಿ ಕೇಳಿರದ ಪಿಯಾನೋ ಸದ್ದು ಬಂದಾಗ ಬೆನ್ನು ನೆಟ್ಟಗೆ ಮಾಡಿ ಕೂರದವರು ಕಡಿಮೆ.

ಆಮೇಲೆ ಅವಸರ ಶುರುವಾಯಿತು. ಮೊದಲ ಆರು ಸೀಸನ್‌ಗಳಲ್ಲಿ ತಲಾ 10 ಕಂತುಗಳಿದ್ದರೆ, ಏಳನೆಯದರಲ್ಲಿ 7, ಎಂಟನೆಯದರಲ್ಲಿ 6. ಉಳಿದ ಕಥೆಯೇನೂ ಕಡಿಮೆಯಿರಲಿಲ್ಲ, ಆದ್ದರಿಂದ ಕಡಿತವಾದದ್ದು ದಾರಿ. ಏಳನೆಯ ಸೀಸನ್ನಿನ ಆರನೆಯ ಕಂತನ್ನೇ ನೋಡಿ. ಜಾನ್ ಸ್ನೋ ಮತ್ತು ಸಂಗಡಿಗರು ಹೆಪ್ಪುಗಟ್ಟಿದ ಸರೋವರದ ನಡುವಿನ ಬಂಡೆಯ ಮೇಲೆ ಶವಸೇನೆಯಿಂದ ಸುತ್ತುವರಿಯಲ್ಪಟ್ಟಿರುತ್ತಾರೆ. ಅವರಲ್ಲೊಬ್ಬನಾದ ಗೆಂಡ್ರಿ ಉತ್ತರದ ಗಡಿಯ ಹಿಮದ ಗೋಡೆಯವರೆಗೆ ಓಡುತ್ತಾನೆ, ಅಲ್ಲಿಂದ ಕಾಗೆಯೊಂದು ಓಲೆ ಹೊತ್ತು ಖಂಡದ ಅರ್ಧ ಉದ್ದವನ್ನು ದಾಟಿ ಡ್ರ್ಯಾಗನ್‌ಸ್ಟೋನ್ ತಲುಪುತ್ತದೆ, ಡ್ರ್ಯಾಗನ್‌ಗಳ ಒಡತಿ ಡೆನೇರಿಸ್ ತನ್ನ ಮೂರು ಡ್ರ್ಯಾಗನ್‌ಗಳೊಂದಿಗೆ ಅಷ್ಟೂ ದೂರ ಹಾರಿ ಬಂದು ಅವರನ್ನು ಬಿಡಿಸುತ್ತಾಳೆ, ಮತ್ತು ಇಷ್ಟೆಲ್ಲ ಬಂಡೆಯ ಮೇಲೆ ಒಂದು ರಾತ್ರಿ ಕಳೆಯುವಷ್ಟರಲ್ಲಿ ಆಗಿಹೋದಂತೆ ತೋರುತ್ತದೆ. ಕಾಲದ ಲೆಕ್ಕ ಇಲ್ಲಿ ಮಸುಕಾಗಿದೆಯೆಂದು ಆ ಕಂತಿನ ನಿರ್ದೇಶಕ ಅಲನ್ ಟೇಲರ್ ಸಂದರ್ಶನದಲ್ಲಿ ತಾವೇ ಒಪ್ಪಿಕೊಂಡಿದ್ದರು. ಡ್ರ್ಯಾಗನ್‌ಗಳನ್ನು ನಂಬುವವರು ಕಾಗೆಯ ವೇಗವನ್ನೇಕೆ ನಂಬಬಾರದು ಎಂದು ಕೇಳುವವರಿದ್ದಾರೆ. ಡ್ರ್ಯಾಗನ್ ಇರುವುದು ಆ ಲೋಕದ ನಿಯಮ. ದೂರವೂ ಅದೇ ಲೋಕದ ನಿಯಮವಾಗಿತ್ತು, ಅದನ್ನು ಕಲಿಸಿದವರು ಕಥೆ ಹೇಳಿದವರೇ.

ಎಂಟನೆಯ ಸೀಸನ್ನಿಗೆ ಬರುವಷ್ಟರಲ್ಲಿ ನನ್ನ ಪ್ರೀತಿಯ ನಕ್ಷೆಯೂ ಕುಗ್ಗಿತ್ತು. ಶೀರ್ಷಿಕೆಯನ್ನು ಹೊಸದಾಗಿ, ಹಿಂದಿಗಿಂತ ಸೊಗಸಾಗಿ, ಕೋಟೆಗಳ ಒಳಗೇ ಹೊಕ್ಕು ಬರುವಂತೆ ಮಾಡಿದ್ದಾರೆ. ಆದರೆ ಒಡೆದ ಗೋಡೆಯಿಂದ ಹೊರಟರೆ ವಿಂಟರ್‌ಫೆಲ್ ಮತ್ತು ರಾಜಧಾನಿ ಕಿಂಗ್ಸ್ ಲ್ಯಾಂಡಿಂಗ್ ಮುಟ್ಟುವಷ್ಟರಲ್ಲಿ ಲೋಕ ಮುಗಿದೇ ಹೋಗುತ್ತದೆ. ದೊರೆ ರಾಬರ್ಟನ ಪರಿವಾರಕ್ಕೆ ತಿಂಗಳು ಹಿಡಿದ ಅದೇ ರಾಜಮಾರ್ಗವನ್ನು, ಯುದ್ಧದಲ್ಲಿ ಅರ್ಧ ಸತ್ತ ಸೈನ್ಯವೊಂದು ದೃಶ್ಯದಿಂದ ದೃಶ್ಯಕ್ಕೆ ಜಿಗಿಯುವಷ್ಟರಲ್ಲಿ ಕ್ರಮಿಸುತ್ತದೆ. ಸೆರ್ಸಿಯ ಪರ ನಿಂತ ಯೂರಾನ್‌ನ ನೌಕಾಪಡೆ ಎಲ್ಲಿಂದಲೋ ಪ್ರತ್ಯಕ್ಷವಾಗಿ ಡ್ರ್ಯಾಗನ್ ಒಂದನ್ನು ಹೊಡೆದುರುಳಿಸುತ್ತದೆ. ಆಕಾಶದಲ್ಲಿದ್ದ ಡೆನೇರಿಸ್‌ಗೆ ಹಡಗುಗಳು ಏಕೆ ಕಾಣಲಿಲ್ಲವೆಂದರೆ, ಆಕೆ ಆ ಪಡೆಯನ್ನು ಮರೆತೇಬಿಟ್ಟಿದ್ದಳು ಎಂಬ ಅರ್ಥದ ಸಮಜಾಯಿಷಿಯನ್ನು ನಿರ್ಮಾಪಕರಲ್ಲೊಬ್ಬರಾದ ಡೇವಿಡ್ ಬೆನಿಯಾಫ್ ಕೊಟ್ಟರು. (ಅದೇ ಕಂತಿನಲ್ಲಿ ಮೇಜಿನ ಮೇಲೆ ಉಳಿದುಹೋಗಿದ್ದ ಕಾಫಿ ಲೋಟದ ಬಗ್ಗೆ ಜಗತ್ತೆಲ್ಲ ನಕ್ಕಿತು. ಲೋಟವನ್ನು ಆಮೇಲೆ ಅಳಿಸಿದರು, ಹಡಗುಗಳನ್ನು ಅಳಿಸಲಾಗಲಿಲ್ಲ.)

ಧಾರಾವಾಹಿಗೆ ಆಧಾರವಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಗಳು ಮುಗಿದುಹೋದದ್ದೇ ಕುಸಿತಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಐದನೆಯ ಸಂಪುಟ ಬಂದದ್ದು 2011ರಲ್ಲಿ, ಧಾರಾವಾಹಿ ಮುಗಿಯುವವರೆಗೂ ಆರನೆಯದು ಬರಲಿಲ್ಲ. ಇಷ್ಟಾದರೂ ಈ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೊದಲ ಸೀಸನ್ನಿನ ಐದನೆಯ ಕಂತಿನಲ್ಲಿ ರಾಬರ್ಟ್ ಮತ್ತು ಸೆರ್ಸಿ ಎದುರುಬದುರು ಕೂತು, ತಮ್ಮ ಸತ್ತ ದಾಂಪತ್ಯದ ಬಗ್ಗೆ ಸುಸ್ತಾದ ಧ್ವನಿಯಲ್ಲಿ, ಬಹುಶಃ ಮೊದಲ ಸಲ ಪ್ರಾಮಾಣಿಕವಾಗಿ ಮಾತನಾಡುತ್ತಾರೆ. ಆ ಸೀಸನ್ನಿನ ಅತ್ಯುತ್ತಮ ದೃಶ್ಯಗಳಲ್ಲಿ ಒಂದಾದ ಅದು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಕಂತುಗಳ ಅವಧಿ ಕಡಿಮೆ ಬೀಳುತ್ತಿದೆಯೆಂದು ಬೆನಿಯಾಫ್ ಮತ್ತು ಇನ್ನೊಬ್ಬ ನಿರ್ಮಾಪಕ ಡಿ. ಬಿ. ವೈಸ್ ಹೆಚ್ಚುವರಿ ದೃಶ್ಯಗಳನ್ನು ಬರೆದಾಗ ಹುಟ್ಟಿದ್ದು. ಸಮಯ ಉಳಿದಾಗ ಅಂಥದ್ದನ್ನು ಸ್ವಂತವಾಗಿ ಬರೆಯಬಲ್ಲವರಾಗಿದ್ದರು, ಸಮಯವನ್ನು ತಾವೇ ಮೊಟಕುಗೊಳಿಸಿಕೊಂಡಾಗ ಬರೆಯಲಾಗಲಿಲ್ಲ ಎಂದೇ ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ.

ಡೆನೇರಿಸ್ ಕೊನೆಗೆ ರಾಜಧಾನಿಯನ್ನು ಸುಟ್ಟದ್ದರ ಬಗ್ಗೆ ನನ್ನ ತಕರಾರು ಇಷ್ಟೇ. ನಾಲ್ಕನೆಯ ಸೀಸನ್ನಿನ ಕೊನೆಯಲ್ಲಿ ಒಬ್ಬ ಬಡವ ತನ್ನ ಪುಟ್ಟ ಮಗಳ ಸುಟ್ಟ ಮೂಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ತಂದು ಆಕೆಯ ಮುಂದಿಡುತ್ತಾನೆ, ಆಕೆ ಅಳುತ್ತಲೇ ಎರಡು ಡ್ರ್ಯಾಗನ್‌ಗಳ ಕೊರಳಿಗೆ ತಾನೇ ಸರಪಳಿ ಹಾಕುತ್ತಾಳೆ. ಅಂಥವಳು ಶರಣಾಗತಿಯ ಗಂಟೆ ಮೊಳಗಿದ ಮೇಲೂ ಬೀದಿಬೀದಿಯ ಮಕ್ಕಳನ್ನು ಸುಡುವಂತಾಗುವುದು ಅಸಾಧ್ಯವೆಂದು ನಾನು ಹೇಳುವುದಿಲ್ಲ. ಅಧಿಕಾರ ಮತ್ತು ಒಂಟಿತನ ಮನುಷ್ಯರನ್ನು ಅದಕ್ಕಿಂತ ದೂರ ಕೊಂಡೊಯ್ದದ್ದಿದೆ. ಆದರೆ ಆ ದೂರವನ್ನು ಆಕೆ ಕ್ರಮಿಸುವುದನ್ನು ನಾವು ನೋಡಬೇಕಾಗಿತ್ತು. ಜೇಮಿಯ ವಿಷಯ ಇನ್ನೂ ಕಹಿ. ನಗರವನ್ನು ಉಳಿಸಲು ತನ್ನ ಮಾನವನ್ನೇ ತೆತ್ತವನು, ಎಂಟನೆಯ ಸೀಸನ್ನಿನ ಐದನೆಯ ಕಂತಿನಲ್ಲಿ, ಆ ನಗರದ ಅಮಾಯಕ ಜನರ ಬಗ್ಗೆ ತನಗೆಂದೂ ಅಷ್ಟಾಗಿ ಕಾಳಜಿ ಇರಲಿಲ್ಲವೆಂದು ತಮ್ಮ ಟಿರಿಯನ್‌ಗೆ ಹೇಳುತ್ತಾನೆ. ಕೊಳದ ದೃಶ್ಯವನ್ನು ಕಣ್ಣಿಗೊತ್ತಿಕೊಂಡಿದ್ದ ನನ್ನಂಥವರಿಗೆ ಈ ಒಂದು ಮಾತು ಮಾಡಿದ ಹಾನಿ, ಇಡೀ ನಗರ ಉರಿದದ್ದೂ ಮಾಡಲಿಲ್ಲ.

ಹಾಗೆಂದು, ಕೊನೆಯ ಸೀಸನ್ನನ್ನು ಹೊಸದಾಗಿ ಚಿತ್ರಿಸಬೇಕೆಂಬ ಅರ್ಜಿಗೆ 2019ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದಾಗ ನಾನು ಹಾಕಲಿಲ್ಲ. ಎಂಟನೆಯ ಸೀಸನ್ನಿನ ಮೂರನೆಯ ಕಂತಿಗಾಗಿ 55 ರಾತ್ರಿಗಳ ಕಾಲ ಚಳಿಯಲ್ಲಿ ನಿಂತು ಒಂದೇ ಕದನವನ್ನು ಚಿತ್ರಿಸಿದ ತಂಡದ ದುಡಿಮೆಯಲ್ಲಿ ಕೊರತೆಯಿರಲಿಲ್ಲ (ಆ ಕಂತು ಎಷ್ಟು ಕತ್ತಲಾಗಿದೆಯೆಂದರೆ ಟಿವಿಯ ಬೆಳಕು ಪೂರ್ತಿ ಏರಿಸಿದರೂ ಯಾರು ಸತ್ತರೆಂದು ತಿಳಿಯುವುದಿಲ್ಲ, ಅದು ಬೇರೆ ಮಾತು). ನಟನಟಿಯರಂತೂ ಕೊಟ್ಟ ಸಾಲುಗಳಿಗಿಂತ ಮೇಲೇರಿ ನಟಿಸಿದ್ದಾರೆ. ಟಿರಿಯನ್ ಪಾತ್ರದ ಪೀಟರ್ ಡಿಂಕ್ಲೇಜ್ ಆ ವರ್ಷವೂ ಎಮ್ಮಿ ಗೆದ್ದದ್ದಕ್ಕೆ ನನ್ನ ಆಕ್ಷೇಪವಿಲ್ಲ.

ಮೇಲಾಗಿ, ಅದೇ ಎಂಟನೆಯ ಸೀಸನ್ನಿನ ಎರಡನೆಯ ಕಂತು ನನ್ನ ಬಾಯಿ ಮುಚ್ಚಿಸುತ್ತದೆ. ಬ್ರಯನ್ ಕಾಗ್ಮನ್ ಬರೆದ ಆ ಕಂತಿನಲ್ಲಿ ಯಾರೂ ಎಲ್ಲಿಗೂ ಧಾವಿಸುವುದಿಲ್ಲ. ಬೆಳಗಾಗುವಷ್ಟರಲ್ಲಿ ಸಾಯಬಹುದೆಂದು ತಿಳಿದವರು ವಿಂಟರ್‌ಫೆಲ್‌ನ ಬೆಂಕಿಯ ಸುತ್ತ ಕೂತು ರಾತ್ರಿ ಕಳೆಯುತ್ತಾರೆ. ಪಾಡ್ರಿಕ್‌ಗೆ ಅರ್ಧ ಲೋಟ ಮದ್ಯ ಸಾಕೆಂದು ಬ್ರಿಯೆನ್ ಹೇಳಿದರೆ, ಟಿರಿಯನ್ ತುಳುಕುವಂತೆ ಸುರಿಯುತ್ತಾನೆ. ಹೆಣ್ಣಿಗೆ ನೈಟ್ ಪದವಿ ಸಲ್ಲದೆಂಬ ಸಂಪ್ರದಾಯದ ಮಾತು ಬಂದಾಗ, ಯಾವ ನೈಟ್ ಬೇಕಾದರೂ ಇನ್ನೊಬ್ಬರನ್ನು ನೈಟ್ ಮಾಡಬಹುದೆಂದು ಜೇಮಿ ಖಡ್ಗ ಹಿಡಿದು ಏಳುತ್ತಾನೆ. ಮಂಡಿಯೂರಿದ ಬ್ರಿಯೆನ್ ಎದ್ದು ನಿಂತಾಗ ಆಕೆಯ ಮುಖದಲ್ಲಿ ಅರಳುವ ನಗು, ಹಾರೆನ್‌ಹಾಲ್‌ನ ದಾರಿಯಲ್ಲಿ ಬಿತ್ತಿದ್ದರ ಫಲ. ಓಟ ನಿಂತ ಒಂದೇ ಒಂದು ಕಂತಿನಲ್ಲಿ ಹಳೆಯ ಕೈಗುಣವೆಲ್ಲ ಮರಳಿತು ಎನ್ನುವುದು ನನ್ನ ದೂರಿಗೆ ಸಾಕ್ಷಿಯೂ ಹೌದು, ನನಗೆ ಸಿಕ್ಕ ಸಮಾಧಾನವೂ ಹೌದು.

ನೋಡಬೇಕೇ ಬೇಡವೇ ಎಂದು ಕೇಳುವ ಹೊಸಬರಿಗೆ ನನ್ನ ಜೇಬಿನ ಲೆಕ್ಕವನ್ನೇ ಹೇಳುತ್ತೇನೆ. ರಾತ್ರಿಗೆ ಎರಡರಂತೆ ನೋಡಿದರೆ ಒಂದು ತಿಂಗಳ ಚಂದಾದಲ್ಲಿ ಸರಿಯಾಗಿ ಆರು ಸೀಸನ್ ಮುಗಿಯುತ್ತವೆ, ಏಳನೆಯದಕ್ಕಾಗಿ ಮತ್ತೊಂದು ತಿಂಗಳು ಹಣ ಕಟ್ಟುವ ಅಗತ್ಯ ನನಗೆ ಕಂಡಿಲ್ಲ. ಎಂಟನೆಯ ಸೀಸನ್ನಿನ ಆ ಎರಡನೆಯ ಕಂತಿಗೆ ಮಾತ್ರ ಕೊನೆಯ ರಾತ್ರಿ ಇನ್ನೊಂದು ಗಂಟೆ ನಿದ್ದೆಗೆಡಬಹುದು. ಅದನ್ನು ಹಾಕುವ ಮೊದಲು ಆಟೋಪ್ಲೇ ನಿಲ್ಲಿಸಿಡಿ, ಇಲ್ಲವಾದರೆ ಮೂರನೆಯದು ತಾನಾಗಿಯೇ ಶುರುವಾಗುತ್ತದೆ.