ಅನ್‌ಲಿಮಿಟೆಡ್ ಅಂತ ಆರು ತಿಂಗಳ ದುಡ್ಡು ಕಟ್ಟೋ ಮುಂಚೆ, ಮಕ್ಕಳನ್ನ ಬೈಯೋ ಮುಂಚೆ

ಪುಣೆಲಿ ಹೊಸದಾಗಿ ಮನೆಗೆ ನೆಟ್ ಹಾಕಿಸ್ಕೊಳ್ತಿರೋರು ಇದನ್ನ ಒಂದ್ಸಲ ಓದ್ಬಿಡಿ. ನಾವಿರೋದು ಪಿಂಪ್ರಿ ಕಡೆ, ನಮ್ಮ ಸೊಸೈಟಿಗೆ ಒಬ್ಬನೇ ಲೋಕಲ್ ಕೇಬಲ್‌ನವನು, ಬೇರೆಯವರಿಗೆ ಪರ್ಮಿಷನ್ ಇಲ್ಲ (ಯಾಕೆ ಅನ್ನೋದು ಕಮಿಟಿಯವರಿಗೇ ಗೊತ್ತು). 100 ಎಂಬಿಪಿಎಸ್, ಅನ್‌ಲಿಮಿಟೆಡ್, ಆರು ತಿಂಗಳದ್ದು ಒಟ್ಟಿಗೆ ಕಟ್ಟಿದ್ರೆ ರೂಟರ್ ಫ್ರೀ ಅಂದ. ಕಟ್ಟಿದೆ.

18ನೇ ತಾರೀಖಿಗೆ ನೆಟ್ ಸತ್ತೇ ಹೋಯ್ತು. ಫೋನ್ ಮಾಡಿದ್ರೆ "ರೂಟರ್ ಬಂದ್ ಕರೂನ್ ಚಾಲೂ ಕರಾ" (ರೂಟರ್ ಆಫ್ ಮಾಡಿ ಆನ್ ಮಾಡಿ) ಅಷ್ಟೇ. 1ನೇ ತಾರೀಖು ತಾನಾಗೇ ಸರಿಹೋಯ್ತು, ಮುಂದಿನ ತಿಂಗಳು ಮತ್ತೆ ಅದೇ ಕಥೆ. ಆಮೇಲೆ ರಸೀದಿ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು ನೋಡಿ, 600 ಜಿಬಿ ಮುಗಿದ ಮೇಲೆ 2 ಎಂಬಿಪಿಎಸ್. ಎಫ್‌ಯುಪಿ ಅಂತಾರೆ ಇದಕ್ಕೆ. 2023ರಲ್ಲಿ ಬ್ರಾಡ್‌ಬ್ಯಾಂಡ್ ಅಂದ್ರೆ ಕನಿಷ್ಠ 2 ಎಂಬಿಪಿಎಸ್ ಇರ್ಬೇಕು ಅಂತ ಸರ್ಕಾರ ಮಾಡ್ತು, ಇವನು ಕರೆಕ್ಟಾಗಿ ಆ ಗೆರೆ ಮೇಲೇ ತಂದು ನಿಲ್ಲಿಸಿದಾನೆ. ಹಾಂ, ಸ್ಪೀಡ್ ಚೆನ್ನಾಗಿರೋವಾಗ್ಲೂ ಡೌನ್‌ಲೋಡ್ ಸೆಕೆಂಡಿಗೆ 12 ಎಂಬಿ ದಾಟಲ್ಲ ಅಂತ ಜಗಳಕ್ಕೆ ಹೋಗ್ಬೇಡಿ, ಎಂಬಿಪಿಎಸ್ ಅನ್ನೋದು ಬಿಟ್ ಲೆಕ್ಕ, ಎಂಬಿ ಅನ್ನೋದು ಬೈಟ್ ಲೆಕ್ಕ, 8 ಬಿಟ್‌ಗೆ ಒಂದು ಬೈಟ್, 100ನ್ನ 8ರಿಂದ ಭಾಗಿಸಿದ್ರೆ ಬರೋದೇ ಅಷ್ಟು, ನಾನು ಹೋಗಿ ಮರ್ಯಾದೆ ಕಳ್ಕೊಂಡೆ.

ಈಗ ನನ್ನ ತಪ್ಪು. 600 ಜಿಬಿ ತಿನ್ನೋದು ಯಾರು? ಮಗ ಹನ್ನೆರಡನೇ ಕ್ಲಾಸು, ಸಿಇಟಿ ಓದ್ತಿದಾನೆ, ರಾತ್ರಿ ಬಾಗಿಲು ಹಾಕ್ಕೊಂಡು ಕೂತಿರ್ತಾನೆ, ಇವನೇ ಅಂತ ತೀರ್ಮಾನ ಮಾಡ್ಬಿಟ್ಟೆ. ರೂಟರಿನಲ್ಲಿ ಅವನ ಫೋನು ರಾತ್ರಿ ಹತ್ತಕ್ಕೆ ಕಟ್ ಆಗೋ ಹಾಗೆ ಟೈಮ್ ಹಾಕಿದೆ, ಯಾವ ಸೈಟು ನೋಡ್ತಾನೆ ಅಂತ ನೋಡೋ ಆಪ್ ಹಾಕಿದೆ, ಬೈದೆ, ಅವನು ಎರಡು ದಿನ ಊಟಕ್ಕೂ ನಮ್ಮ ಜೊತೆ ಕೂರ್ಲಿಲ್ಲ. "ಹುಡುಗ ಓದಾಕತ್ತಾನ, ಸುಮ್ನ ಯಾಕ ಬೈತಿ" ಅಂತ ಅವ್ವ ಹೇಳಿದ್ಲು, ಕೇಳ್ಲಿಲ್ಲ.

ಮೂರನೇ ದಿನ ಅವನೇ ಬಂದು ತನ್ನ ಫೋನಿನ ಸೆಟ್ಟಿಂಗ್ಸಲ್ಲಿ ವೈಫೈ ಡೇಟಾ ತೋರಿಸ್ದ, ಇಡೀ ತಿಂಗಳಿಗೆ 40 ಜಿಬಿ. ಆಮೇಲೆ ಕೇಬಲ್‌ನವನ ಪೋರ್ಟಲ್ ತೆಗೆದು, "ಪಪ್ಪಾ, ಡೌನ್‌ಲೋಡ್‌ಗಿಂತ ಅಪ್‌ಲೋಡೇ ಜಾಸ್ತಿ ಇದೆ ನೋಡಿ, ನಮ್ಮನೇಲಿ ಅಪ್‌ಲೋಡ್ ಮಾಡೋರು ಯಾರಿದಾರೆ?" ಅಂದ.

ನಾನೇ. ಅವ್ವ ಒಬ್ಬಳೇ ಇರ್ತಾಳೆ ಅಂತ ಆಫೀಸಿಂದ ನೋಡೋಕೆ ಹಾಲಲ್ಲಿ ಒಂದು, ಬಾಗಿಲ ಹತ್ರ ಒಂದು ಕ್ಯಾಮೆರಾ ಹಾಕ್ಸಿದ್ದೆ, ಎರಡೂ ಹಗಲು ರಾತ್ರಿ ಕ್ಲೌಡ್‌ಗೆ ಕಳಿಸ್ತಾ ಕೂತಿದ್ವು. 1 ಎಂಬಿಪಿಎಸ್ ಕ್ಯಾಮೆರಾ ದಿನಕ್ಕೆ ಹೆಚ್ಚುಕಮ್ಮಿ 11 ಜಿಬಿ, ಎರಡಕ್ಕೆ ತಿಂಗಳಿಗೆ ಲೆಕ್ಕ ಹಾಕಿದ್ರೆ ಅಲ್ಲಿಗೇ 600 ದಾಟುತ್ತೆ. ಅಪ್‌ಲೋಡೂ ಲಿಮಿಟ್‌ನಲ್ಲಿ ಕಟ್ ಆಗುತ್ತೆ ಅಂತ ಕೇಬಲ್‌ನವನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಮೇಲಿಂದ ಅವ್ವನ ಸೀರಿಯಲ್ಲು, ಎಚ್‌ಡಿ ಅಂದ್ರೆ ಗಂಟೆಗೆ 3 ಜಿಬಿ ತನಕ ಹೋಗುತ್ತೆ, ಆದ್ರೆ ಅದನ್ನ ಹೇಳೋ ಧೈರ್ಯ ನನಗಿಲ್ಲ.

ಈಗ ಯಾರಾದ್ರೂ ಓಡಾಡಿದ್ರೆ ಮಾತ್ರ ರೆಕಾರ್ಡ್ ಆಗೋ ಹಾಗೆ ಇಟ್ಟಿದೀವಿ, ಮಗನ ಮೇಲೆ ಹಾಕಿದ್ದ ಆಪ್ ತೆಗೆದಿದೀನಿ. ಮಿಕ್ಕ ನಾಲ್ಕು ತಿಂಗಳ ದುಡ್ಡು ವಾಪಸ್ ಕೊಡು ಅಂದ್ರೆ ಆಗಲ್ಲವಂತೆ, ಹಾಗಾಗಿ ಅಲ್ಲೀವರೆಗೆ 600ರಲ್ಲೇ ಸಂಸಾರ.